ಅಂಗಡಿ ಯಾರ ಹೆಸರಲ್ಲಿ, ಸಾಲ ಯಾರ ತಲೆ ಮೇಲೆ? ವ್ಯಾಪಾರಸ್ಥರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿಯಲ್ಲಿ ಸಣ್ಣ ವ್ಯಾಪಾರಸ್ಥರ ಲೆಕ್ಕ ಬರೆಯುತ್ತೇನೆ. ನನ್ನ ಮೇಜಿನ ಎದುರು ಕೂರುವವರು ಉದ್ಯಮಬಾಗದಲ್ಲಿ ಜಾಬ್ ವರ್ಕ್ ಮಾಡೋರು, ಗೋಕಾಕದ ಕರದಂಟಿನವರು, ಗುಳೇದಗುಡ್ಡದ ಖಣದವರು, ತಿಕೋಟಾ ಕಡೆಯ ಒಣದ್ರಾಕ್ಷಿಯವರು. ಬಂದವರೆಲ್ಲ ಮೊದಲು ಕೇಳೋದು "ಯಾವುದು ಅಗ್ಗ?" ಅಂತ. ಚಹಾ ಮುಗಿಯೋ ಹೊತ್ತಿಗೆ ಮಾತು ಮನೆ, ಹೊಲ, ಒಡವೆಗೆ ಬಂದಿರುತ್ತದೆ. ಅವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ನಾನು ಏನೂ ರಿಜಿಸ್ಟರ್ ಮಾಡಿಸಿಲ್ಲ, ಸುಮ್ನೆ ಅಂಗಡಿ ಹಾಕಿದ್ದೇನೆ. ನನ್ನದು ಯಾವ ನಮೂನೆ?

ಒಬ್ಬರೇ ಹಾಕಿದ್ದರೆ ನೀವು ಪ್ರೊಪ್ರೈಟರ್. ಅದಕ್ಕೆ ಬೇರೆ ನೋಂದಣಿ ಅಂತ ಇಲ್ಲ. ಇಬ್ಬರು ದುಡ್ಡು ಹಾಕಿ, ಲಾಭ ಹಂಚಿಕೊಳ್ಳೋಣ ಅಂತ ಮಾತಾಡಿಕೊಂಡು, ಸೇರಿ ನಡೆಸುತ್ತಿದ್ದರೆ ನೀವು ಆಗಲೇ ಪಾಲುದಾರರು. ಒಂದು ಹಾಳೆಯೂ ಬರೆದಿಲ್ಲ ಅಂದರೂ ಅಷ್ಟೇ. ಬಾಯಿಮಾತಿನ ಪಾಲುದಾರಿಕೆಯನ್ನೂ ಕಾನೂನು ಒಪ್ಪುತ್ತದೆ.

ಇಲ್ಲಿ ಜಾಸ್ತಿ ಜನ ಒಂದು ತಪ್ಪು ಮಾಡುತ್ತಾರೆ. "ನಮ್ಮದು ಸಣ್ಣ ಉದ್ದಿಮೆಯ ಉದ್ಯಮ್ ನೋಂದಣಿ ಆಗಿದೆ, ಜಿಎಸ್‌ಟಿ ಇದೆ, ಪಾಲಿಕೆ ಲೈಸೆನ್ಸ್ ಇದೆ, ಅಂದರೆ ಕಂಪನಿ ಅಲ್ವಾ?" ಅಂತಾರೆ. ಅಲ್ಲ. ಇವೆಲ್ಲ ಪರವಾನಗಿ, ಗುರುತಿನ ಚೀಟಿ ಇದ್ದ ಹಾಗೆ. ಸಾಲ ಯಾರದು ಅನ್ನೋದನ್ನು ಇವು ಯಾವುವೂ ತೀರ್ಮಾನಿಸಲ್ಲ. ಬೋರ್ಡಿನ ಮೇಲೆ "ಇಂಡಸ್ಟ್ರೀಸ್" ಅಂತ ಬರೆಸಿದರೂ ಪ್ರೊಪ್ರೈಟರ್ ಪ್ರೊಪ್ರೈಟರೇ.

ಒಬ್ಬನೇ ನಡೆಸೋ ಅಂಗಡಿ. ನಷ್ಟ ಆದರೆ ಮನೆಗೂ ಬರುತ್ತಾರಾ?

ಬರಬಹುದು. ಕಾನೂನಿನ ಕಣ್ಣಿಗೆ ಅಂಗಡಿ ಬೇರೆ, ನೀವು ಬೇರೆ ಅಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆ ಖಾಲಿಯಾದರೆ ನಿಮ್ಮ ಉಳಿತಾಯ ಖಾತೆ, ಬೈಕು, ಸೈಟು, ಎಲ್ಲವೂ ಸಾಲಕ್ಕೆ ಸಿಗುತ್ತವೆ. ಉದ್ರಿ ಕೊಟ್ಟವನು ಸಾಮಾನ್ಯವಾಗಿ 3 ವರ್ಷದೊಳಗೆ ದಾವಾ ಹಾಕಬೇಕು. ಒಮ್ಮೆ ಡಿಕ್ರಿ, ಅಂದರೆ ಹಣ ಕೊಡು ಅನ್ನೋ ಕೋರ್ಟಿನ ಆದೇಶ, ಆಯಿತೆಂದರೆ ಅದನ್ನು 12 ವರ್ಷದವರೆಗೆ ಜಾರಿ ಮಾಡಿಸಬಹುದು. ಹಾಗಾಗಿ "ಎರಡು ವರ್ಷ ಪುಣೆಗೆ ಹೋಗಿ ಇದ್ದು ಬಂದರೆ ಆಯಿತು" ಅನ್ನೋ ಲೆಕ್ಕ ನಡೆಯಲ್ಲ.

ಆದರೆ ಎಲ್ಲವನ್ನೂ ಎತ್ತಿಕೊಂಡು ಹೋಗೋಕೆ ಆಗಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿ ಇದೆ. ಬೇಕಾದಷ್ಟು ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಹೆಂಗಸರು ಧರ್ಮದ ಪ್ರಕಾರ ತೆಗೆಯಬಾರದ ಒಡವೆ, ಕಸುಬುದಾರನ ಹತ್ಯಾರ, ರೈತನಾದರೆ ಬೇಸಾಯದ ಸಲಕರಣೆ, ಬೇಕಾದಷ್ಟು ದನ ಮತ್ತು ಬೀಜ, ಅವನು ವಾಸ ಇರೋ ಮನೆ. ಮನೆಯನ್ನು ನೀವೇ ಅಡ ಇಟ್ಟಿದ್ದರೆ ಆ ಮಾತು ಬೇರೆ.

ಅಪ್ಪ ತೀರಿಕೊಂಡರು. ಅಂಗಡಿ ಸಾಲ ಮಕ್ಕಳ ತಲೆಗೆ ಬರುತ್ತದಾ?

ಅಪ್ಪನಿಂದ ಎಷ್ಟು ಆಸ್ತಿ ಬಂತೋ ಅಷ್ಟರ ಮಟ್ಟಿಗೆ ಮಾತ್ರ. ಏನೂ ಬರದಿದ್ದರೆ ಏನೂ ಕೊಡಬೇಕಿಲ್ಲ. "ಅಪ್ಪನ ಸಾಲ ತೀರಿಸೋದು ಮಗನ ಧರ್ಮ" ಅನ್ನೋ ಹಳೇ ನಿಯಮವನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ತೆಗೆದುಹಾಕಿತು. ಅದರ ನಂತರ ಮಾಡಿದ ಸಾಲಕ್ಕೆ, ಮಗ ಅನ್ನೋ ಒಂದೇ ಕಾರಣಕ್ಕೆ, ನಿಮ್ಮ ಸ್ವಂತ ಗಳಿಕೆಗೆ ಕೈ ಹಾಕೋಕೆ ಬರಲ್ಲ. ನೀವೇ ಜಾಮೀನು ಹಾಕಿದ್ದರೆ ಮಾತ್ರ ತಪ್ಪಿಸಿಕೊಳ್ಳೋಕೆ ಆಗಲ್ಲ.

ಗೆಳೆಯರಿಬ್ಬರು ಅರ್ಧ ಅರ್ಧ ಪಾಲು. ಸಾಲವೂ ಅರ್ಧ ಅರ್ಧ ತಾನೇ?

ನಿಮ್ಮಿಬ್ಬರ ನಡುವೆ ಹೌದು. ಸಾಲ ಕೊಟ್ಟವನಿಗೆ ಅಲ್ಲ. 1932ರ ಪಾಲುದಾರಿಕೆ ಕಾಯ್ದೆಯ 25ನೇ ಕಲಮಿನ ಪ್ರಕಾರ ಫರ್ಮಿನ ಪೂರ್ತಿ ಸಾಲಕ್ಕೆ ಎಲ್ಲರೂ ಒಟ್ಟಾಗಿಯೂ ಹೊಣೆ, ಒಬ್ಬೊಬ್ಬರೂ ಬೇರೆಯಾಗಿಯೂ ಹೊಣೆ. ಸಾಲ ಕೊಟ್ಟವನು ಯಾರ ಹತ್ತಿರ ಆಸ್ತಿ ಇದೆಯೋ ಅವರನ್ನೇ ಹಿಡಿಯುತ್ತಾನೆ.

ಇದನ್ನು ನಾನು ಪುಸ್ತಕಕ್ಕಿಂತ ಮೊದಲು ಮನೆಯಲ್ಲಿ ಕಲಿತೆ. ನಮ್ಮಪ್ಪ ಬನಹಟ್ಟಿಯಲ್ಲಿ ಇನ್ನಿಬ್ಬರ ಜೊತೆ ನೂಲಿನ ಅಂಗಡಿ ಇಟ್ಟಿದ್ದರು. ಅಪ್ಪ ಕೂರುತ್ತಿದ್ದದ್ದು ಗಲ್ಲೆಯ ಮೇಲೆ. ಮಾಲು ತರುತ್ತಿದ್ದವರು ಇನ್ನೊಬ್ಬ ಪಾಲುದಾರರು. ಅವರು ಇಚಲಕರಂಜಿಯ ಒಬ್ಬ ವ್ಯಾಪಾರಿಯಿಂದ ಫರ್ಮಿನ ಹೆಸರಲ್ಲಿ ಉದ್ರಿ ತರುತ್ತಾ ಹೋದರು. ಒಂದು ದೀಪಾವಳಿ ಮುಂದೆ ಊರೇ ಬಿಟ್ಟರು. ಮೂರನೆಯವರ ಹೆಸರಲ್ಲಿ ಏನೂ ಇರಲಿಲ್ಲ. ಅಪ್ಪನ ಹೆಸರಲ್ಲಿ ಎರಡು ಖೋಲಿಯ ಮನೆ ಇತ್ತು. ಆ ಖರೀದಿಯ ಒಂದು ಚೀಟಿಗೂ ಅಪ್ಪನ ಸಹಿ ಇರಲಿಲ್ಲ. ಡಿಕ್ರಿ ಮೂವರ ಮೇಲೂ ಆಯಿತು. ಜಪ್ತಿಗೆ ಕೋರ್ಟಿನ ಬೇಲೀಫ ಬಂದದ್ದು ನಮ್ಮ ಮನೆಗೆ.

ಆತ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಮೊಣಕಾಲ ಮೇಲೆ ರಟ್ಟು ಇಟ್ಟುಕೊಂಡು ಬರೆದುಕೊಂಡ. ಕಬ್ಬಿಣದ ತಿಜೋರಿ ಒಂದು. ಲೂನಾ ಒಂದು. ಟೇಬಲ್ ಫ್ಯಾನ್ ಒಂದು. ಅಡುಗೆಮನೆಗೆ ಇಣುಕಿ ನೋಡಿ ಏನೂ ಬರೆಯದೆ ಬಂದ. ಅವ್ವ ಸೆರಗಿನೊಳಗೆ ತಾಳಿ ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಳು. "ಅದಕ್ಕ ಕೈ ಹಚ್ಚೂ ಅಧಿಕಾರ ನಮಗಿಲ್ಲವ್ವಾ" ಅಂದ. ಅದು 60ನೇ ಕಲಮು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷ ಆದ ಮೇಲೆ.

ಪಾಲುಪತ್ರ ಬರೆಸಿ ನೋಟರಿ ಮಾಡಿಸಿದ್ದೇವೆ. ಸಾಕಲ್ವಾ?

ಸಾಲದು. ನೋಟರಿ ಬೇರೆ, ಫರ್ಮುಗಳ ರಿಜಿಸ್ಟ್ರಾರ್ ಹತ್ತಿರ ನೋಂದಣಿ ಬೇರೆ. ನೋಂದಣಿ ಕಡ್ಡಾಯ ಅಲ್ಲ, ನಿಜ. ಆದರೆ ಮಾಡಿಸದಿದ್ದರೆ ಪಾಲುದಾರಿಕೆ ಕಾಯ್ದೆಯ 69ನೇ ಕಲಮು ಅಡ್ಡ ಬರುತ್ತದೆ. ನಿಮಗೆ ಬಾಕಿ ಕೊಡಬೇಕಾದವನ ಮೇಲೆ ಫರ್ಮು ದಾವಾ ಹಾಕೋಕೆ ಆಗಲ್ಲ. ಅವನು ಮಾತ್ರ ನಿಮ್ಮ ಮೇಲೆ ಹಾಕಬಹುದು! ಪಾಲುದಾರ ಪಾಲುದಾರನ ಮೇಲೆ ಪತ್ರದಲ್ಲಿರೋ ಹಕ್ಕು ಕೇಳೋಕೂ ಆಗಲ್ಲ. ಫರ್ಮು ಮುರಿದು ಲೆಕ್ಕ ಕೊಡು ಅನ್ನೋ ದಾವಾ ಒಂದೇ ಉಳಿಯುತ್ತದೆ. ಅದಕ್ಕೂ ಫರ್ಮು ಮುರಿದ ದಿನದಿಂದ 3 ವರ್ಷದ ಗಡುವು. ಅಪ್ಪ ಆ ಗಡುವನ್ನೂ ಕಳೆದುಕೊಂಡಿದ್ದರು.

ಸಮಾಧಾನದ ಸಂಗತಿ ಅಂದರೆ, ನೋಂದಣಿಯನ್ನು ಯಾವಾಗ ಬೇಕಾದರೂ ಮಾಡಿಸಬಹುದು. ದಾವಾ ಹಾಕೋ ಮುಂಚೆ ಆಗಿದ್ದರೆ ಸಾಕು. ಆದರೂ ಬಾಕಿದಾರ ಕೈ ಎತ್ತಿದ ಮೇಲೆ ಓಡಾಡೋದಕ್ಕಿಂತ ಈ ತಿಂಗಳೇ ಮಾಡಿಸಿ.

ಪಾಲು ಬಿಟ್ಟು ಹೊರಗೆ ಬಂದಿದ್ದೇನೆ. ಇನ್ನು ನನಗೇನು ಸಂಬಂಧ?

ಯಾರಿಗೆ ತಿಳಿಸಿ ಬಂದಿರಿ? ನಾನು ಮೊದಲು ಕೇಳೋದು ಇದನ್ನೇ. ಹೆಚ್ಚಿನವರು "ಎಲ್ಲರಿಗೂ ಗೊತ್ತು" ಅಂತಾರೆ. ಎಲ್ಲರಿಗೂ ಗೊತ್ತಿರೋದು ಕೋರ್ಟಿನಲ್ಲಿ ಸಾಕ್ಷಿ ಆಗಲ್ಲ.

ನೀವು ಬಿಡೋ ದಿನದವರೆಗಿನ ಸಾಲಕ್ಕೆ ನೀವು ಹೊಣೆಯೇ. ಸಾಲ ಕೊಟ್ಟವನೂ ಸೇರಿ ಒಪ್ಪಿದರೆ ಮಾತ್ರ ಅದರಿಂದ ಬಿಡುಗಡೆ. ಬಿಟ್ಟ ನಂತರದ ಸಾಲದಿಂದ ಪಾರಾಗಬೇಕೆಂದರೆ ಸಾರ್ವಜನಿಕ ತಿಳಿವಳಿಕೆ ಕೊಡಬೇಕು. ನೋಂದಾಯಿತ ಫರ್ಮಾದರೆ ರಿಜಿಸ್ಟ್ರಾರ್‌ಗೆ ನೋಟಿಸು, ರಾಜ್ಯಪತ್ರದಲ್ಲಿ ಪ್ರಕಟಣೆ, ಜಿಲ್ಲೆಯಲ್ಲಿ ಓಡಾಡೋ ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ. ಮೂರೂ ಆಗಬೇಕು. ಅದು ಆಗೋವರೆಗೆ ನಿಮ್ಮನ್ನು ಪಾಲುದಾರ ಅಂತ ತಿಳಿದು ವ್ಯವಹಾರ ಮಾಡಿದವನು ನಿಮ್ಮನ್ನೂ ಕೇಳಬಹುದು.

ಜಿಎಸ್‌ಟಿಯದು ಬೇರೆಯೇ ಗಡಿಯಾರ. ಬಿಟ್ಟ ಒಂದು ತಿಂಗಳೊಳಗೆ ಇಲಾಖೆಗೆ ಬರೆದು ತಿಳಿಸಬೇಕು. ತಡ ಮಾಡಿದರೆ, ತಿಳಿಸಿದ ದಿನದವರೆಗಿನ ತೆರಿಗೆಗೆ ನೀವೂ ಹೊಣೆ.

ಉದ್ಯಮಬಾಗದ ಒಬ್ಬರ ಕತೆ ಹೇಳುತ್ತೇನೆ. ಫೌಂಡ್ರಿಗೆ ಪ್ಯಾಟರ್ನ್ ಮಾಡಿಕೊಡೋ ಸಣ್ಣ ಫರ್ಮು, ಇಬ್ಬರು ಪಾಲುದಾರರು. ಇವರು ತಮ್ಮ ಹಣ ವಾಪಸ್ ತಗೊಂಡು, ಪೇಢೆ ಹಂಚಿ, ಬೇರೆ ಕೆಲಸ ಹಿಡಿದರು. ಪತ್ರವೂ ಬರೆಸಿದ್ದರು. ಆ ಪತ್ರ ಮಾತ್ರ ಕಪಾಟು ಬಿಟ್ಟು ಹೊರಗೆ ಹೋಗಿರಲಿಲ್ಲ. ಎರಡು ವರ್ಷ ಆದ ಮೇಲೆ ಬ್ಯಾಂಕಿನ ನೋಟಿಸು ಬಂತು. ಫರ್ಮಿನ ಕ್ಯಾಶ್ ಕ್ರೆಡಿಟ್ (ಮಿತಿಯೊಳಗೆ ಬೇಕಾದಾಗ ತೆಗೆಯೋ ಸಾಲ) ಖಾತೆಗೆ ಇವರು ಹಾಕಿದ್ದ ಜಾಮೀನು ಹಾಗೇ ಜೀವಂತ ಇತ್ತು. ಬ್ಯಾಂಕಿಗೆ ಒಂದು ಪತ್ರ ಕೊಟ್ಟು, "ಇಂದಿನಿಂದ ಮುಂದಿನ ವ್ಯವಹಾರಕ್ಕೆ ನನ್ನ ಜಾಮೀನು ಇಲ್ಲ" ಅಂತ ಬರೆದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡಿದ್ದರೆ ಆ ಎರಡು ವರ್ಷದ ಸಾಲ ಅವರ ಮೇಲೆ ಬರುತ್ತಿರಲಿಲ್ಲ. ಕರಾರು ಕಾಯ್ದೆಯ 130ನೇ ಕಲಮು ಮುಂದುವರಿಯೋ ಜಾಮೀನನ್ನು ಹಾಗೆ ಹಿಂತೆಗೆದುಕೊಳ್ಳೋಕೆ ಬಿಡುತ್ತದೆ. ಬ್ಯಾಂಕಿನ ಜಾಮೀನು ಪತ್ರದಲ್ಲಿ ಬೇರೆ ಷರತ್ತು ಇದೆಯಾ ಅಂತ ಓದಿ ನೋಡಬೇಕು, ಅಷ್ಟೇ.

ಹೆಂಡತಿಯ ಹೆಸರಲ್ಲಿ ಅಂಗಡಿ ಮಾಡಿದರೆ ನಾನು ಪಾರು ಅಲ್ವಾ?

ನೀವು ಪಾರು, ಅವರು ಸಿಕ್ಕಿಬಿದ್ದರು. ಪ್ರೊಪ್ರೈಟರ್ ಅವರು. ಚೆಕ್ ಅವರದು, ಜಿಎಸ್‌ಟಿ ಅವರದು, ನೋಟಿಸಿನಲ್ಲಿ ಹೆಸರು ಅವರದು. ಸಾಲದ ಕಾಗದಕ್ಕೆ ಅವರು ಅಡುಗೆಮನೆಯಿಂದ ಬಂದು ಕೈ ಒರೆಸಿಕೊಂಡು ಸಹಿ ಹಾಕಿ ಹೋಗೋದನ್ನು ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಏನು ಬರೆದಿದೆ ಅಂತ ಯಾರೂ ಹೇಳಿರಲ್ಲ. ನನಗೆ ಇದು ಸ್ವಲ್ಪವೂ ಹಿಡಿಸಲ್ಲ. ಅವರೇ ವ್ಯಾಪಾರ ನಡೆಸುತ್ತಿದ್ದರೆ ಸರಿ. ಇಲ್ಲದಿದ್ದರೆ ಬೇಡ.

ಕೂಡು ಕುಟುಂಬದ ವ್ಯಾಪಾರ ಇದೆ. ಅಣ್ಣ ನೋಡಿಕೊಳ್ಳುತ್ತಾರೆ. ನಾವು?

ಹಿಂದೂ ಅವಿಭಕ್ತ ಕುಟುಂಬದ ವ್ಯಾಪಾರದಲ್ಲಿ ಕರ್ತಾ, ಅಂದರೆ ಮನೆತನದ ಯಜಮಾನ, ಸ್ವಂತ ಆಸ್ತಿ ಸಮೇತ ಹೊಣೆ. ಉಳಿದವರಿಗೆ ಕುಟುಂಬದ ಆಸ್ತಿಯಲ್ಲಿರೋ ತಮ್ಮ ಪಾಲಿನ ಮಟ್ಟಿಗೆ. 2005ರಿಂದ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಪಾಲಿನ ಹಕ್ಕುದಾರರು, ಹೊಣೆಯೂ ಜೊತೆಗೇ ಬರುತ್ತದೆ. ತೆರಿಗೆಗಾಗಿ ಇದನ್ನು ಹೊಸದಾಗಿ ಮಾಡೋಣ ಅನ್ನೋರಿಗೆ ನಾನು ಹೇಳೋದು, ಮೊದಲು ಉತಾರದಲ್ಲಿ (ಪಹಣಿಯಲ್ಲಿ) ಯಾರ ಯಾರ ಹೆಸರಿದೆ ನೋಡಿ ಬನ್ನಿ.

ಎಲ್‌ಎಲ್‌ಪಿ ಅಂದರೆ ಏನು? ಪಾಲುದಾರಿಕೆಯಾ, ಕಂಪನಿಯಾ?

ಲಿಮಿಟೆಡ್ ಲಯಬಿಲಿಟಿ ಪಾರ್ಟ್ನರ್‌ಶಿಪ್, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ. ಎರಡರ ನಡುವಿನದು. 2008ರಲ್ಲಿ ಕಾಯ್ದೆ ಬಂತು. ಕನಿಷ್ಠ ಇಬ್ಬರು ಪಾಲುದಾರರು ಬೇಕು. ಒಳಗಿನ ವ್ಯವಹಾರ ಪಾಲುದಾರಿಕೆಯ ಹಾಗೆ, ನಿಮ್ಮ ಒಪ್ಪಂದದಲ್ಲಿ ಹೇಗೆ ಬರೆದುಕೊಂಡಿದ್ದೀರೋ ಹಾಗೆ. ಹೊರಗಿನವರಿಗೆ ಮಾತ್ರ ಎಲ್‌ಎಲ್‌ಪಿಯೇ ಸಾಲಗಾರ. ಪಾಲುದಾರ ಅನ್ನೋ ಒಂದೇ ಕಾರಣಕ್ಕೆ ನಿಮ್ಮ ಮನೆ ಸಿಗಲ್ಲ. ಇನ್ನೊಬ್ಬ ಪಾಲುದಾರ ಮಾಡಿದ ತಪ್ಪಿಗೂ ನೀವು ಸ್ವಂತವಾಗಿ ಹೊಣೆ ಅಲ್ಲ. ನಮ್ಮಪ್ಪನ ಕಾಲಕ್ಕೆ ಇದು ಇದ್ದಿದ್ದರೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ನಿಮ್ಮದೇ ತಪ್ಪಿಗೆ ನೀವೇ ಹೊಣೆ. ಮೋಸ ಮಾಡೋ ಉದ್ದೇಶ ಇತ್ತು ಅಂತ ಸಾಬೀತಾದರೆ ಹೊಣೆಗೆ ಮಿತಿಯೇ ಇಲ್ಲ.

ಖರ್ಚು ಇದೆ. ಪ್ರತಿ ವರ್ಷ ಮೇ 30ರೊಳಗೆ ಫಾರ್ಮ್ 11 (ವಾರ್ಷಿಕ ರಿಟರ್ನ್), ಅಕ್ಟೋಬರ್ 30ರೊಳಗೆ ಫಾರ್ಮ್ 8 (ಲೆಕ್ಕಪತ್ರ). ವ್ಯಾಪಾರ ಸೊನ್ನೆ ಇದ್ದರೂ ಹಾಕಬೇಕು. ವಹಿವಾಟು 40 ಲಕ್ಷ ದಾಟಿದರೆ ಇಲ್ಲವೇ ಪಾಲುದಾರರ ಬಂಡವಾಳ 25 ಲಕ್ಷ ದಾಟಿದರೆ ಆಡಿಟ್ ಕಡ್ಡಾಯ. ಅದರ ಕೆಳಗಿದ್ದರೆ ಎಲ್‌ಎಲ್‌ಪಿ ಕಾಯ್ದೆಯ ಆಡಿಟ್ ಬೇಕಿಲ್ಲ.

ಕಂಪನಿ "ಬೇರೆ ಮನುಷ್ಯ" ಅಂತಾರೆ. ಅದು ಹೇಗೆ?

ಇದರ ಹಿಂದೆ ಒಬ್ಬ ಚಪ್ಪಲಿ, ಅಲ್ಲ, ಬೂಟು ಮಾಡೋನ ಕತೆ ಇದೆ. ಅಥಣಿ, ನಿಪ್ಪಾಣಿಯ ಚರ್ಮದ ಕಸುಬಿನವರಿಗೆ ನಾನು ಇದನ್ನೇ ಹೇಳೋದು. ಲಂಡನ್ನಿನ ಸಾಲೊಮನ್ ತನ್ನ ಬೂಟಿನ ವ್ಯಾಪಾರವನ್ನು ಕಂಪನಿ ಮಾಡಿದ. ಒಟ್ಟು 20,007 ಷೇರು. ಅದರಲ್ಲಿ 20,001 ಅವನವೇ. ಹೆಂಡತಿ, ಮಗಳು, ನಾಲ್ಕು ಗಂಡುಮಕ್ಕಳಿಗೆ ಒಂದೊಂದು. ಕಂಪನಿ ಮುಳುಗಿತು. ಸಾಲ ಕೊಟ್ಟವರ ಪರವಾಗಿ "ಇದು ಕಂಪನಿಯೂ ಅಲ್ಲ ಗಿಂಪನಿಯೂ ಅಲ್ಲ, ಅವನೇ ಕೊಡಲಿ" ಅನ್ನೋ ವಾದ ಬಂತು. 1896ರಲ್ಲಿ ಅಲ್ಲಿನ ಆಗಿನ ಮೇಲಿನ ಕೋರ್ಟು ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಸರಿಯಾಗಿ ನೋಂದಣಿ ಆಗಿದೆ, ಸಾಲ ಕಂಪನಿಯದು, ಅವನದಲ್ಲ ಅಂತ ತೀರ್ಪು ಕೊಟ್ಟಿತು. ನಮ್ಮ ಕೋರ್ಟುಗಳೂ ಅದನ್ನೇ ಹಿಡಿದು ನಡೆಯುತ್ತವೆ.

ಅಂದ ಹಾಗೆ, ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಬಂದ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ನಾಲ್ಕೂ ಇವೆ. ಆ ಗುರುತು ಮಾಲಿನದು. ವ್ಯಾಪಾರದ ಹೊಣೆಗೂ ಅದಕ್ಕೂ ಸಂಬಂಧ ಇಲ್ಲ.

ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ಡೈರೆಕ್ಟರುಗಳು ಬೇಕು. ಅವರೇ ಇವರಾಗಬಹುದು. ಷೇರುದಾರರು ಹೆಚ್ಚೆಂದರೆ 200. ಕನಿಷ್ಠ 1 ಲಕ್ಷ ಬಂಡವಾಳ ಬೇಕು ಅನ್ನೋ ನಿಯಮ 2015ರಲ್ಲೇ ಹೋಯಿತು. ಷೇರಿನ ಹಣ ಪೂರ್ತಿ ಕಟ್ಟಿದ್ದರೆ ಷೇರುದಾರನಾಗಿ ನಿಮ್ಮ ಹೊಣೆ ಮುಗಿಯಿತು. ನೋಂದಣಿಗೆ ಬೆಂಗಳೂರಿಗೆ ಓಡಬೇಕಿಲ್ಲ, ಎಲ್ಲ ಆನ್‌ಲೈನ್. ಆಮೇಲಿನ ಕೆಲಸವೇ ಜಾಸ್ತಿ. ವಹಿವಾಟು ಎಷ್ಟೇ ಇರಲಿ ಪ್ರತಿ ವರ್ಷ ಆಡಿಟ್. ರಿಟರ್ನ್ ತಡವಾದರೆ ಒಂದೊಂದು ಫಾರ್ಮಿಗೂ ದಿನಕ್ಕೆ 100 ರೂಪಾಯಿ. ಸತತ 3 ವರ್ಷ ಹಾಕದಿದ್ದರೆ ಡೈರೆಕ್ಟರುಗಳು 5 ವರ್ಷ ಅನರ್ಹ. ಬಾಗಿಲ ಮೇಲಿನ ಕಂಪನಿ ಹೆಸರು ಸ್ಥಳೀಯ ಲಿಪಿಯಲ್ಲೂ ಇರಬೇಕು ಅಂತ ಕಂಪನಿ ಕಾಯ್ದೆಯೇ ಹೇಳುತ್ತದೆ. ನಮ್ಮಲ್ಲಿ ಬೋರ್ಡಿನ ಭಾಷೆಗೆ ಎಷ್ಟು ಜಗಳ ಆಗುತ್ತವೆ, ಈ ಕಲಮು ಮಾತ್ರ ಯಾರಿಗೂ ನೆನಪಾಗಲ್ಲ.

ಹಾಗಾದರೆ ಕಂಪನಿ ಮಾಡಿದರೆ ಮನೆ, ಹೊಲ ಉಳಿಯುತ್ತವೆ ಅಲ್ವಾ?

ಬ್ಯಾಂಕಿಗೆ ಹೋಗೋವರೆಗೆ.

ಸಾಲದ ದಿನ ಏನಾಗುತ್ತದೆ ನೋಡಿ. ಮ್ಯಾನೇಜರ್ ಮೇಜಿನ ಮೇಲೆ ಒಂದು ದಪ್ಪ ಕಟ್ಟು ಇಡುತ್ತಾರೆ. ಎಲ್ಲೆಲ್ಲಿ ಸಹಿ ಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಸಣ್ಣ ಗುಣಾಕಾರ ಚಿಹ್ನೆ. ಕಂಪನಿಯ ಪರವಾಗಿ ಹತ್ತು ಹದಿನೈದು ಸಹಿ ಆದ ಮೇಲೆ ಬೇರೆ ಬಣ್ಣದ ಛಾಪಾಕಾಗದ ಬರುತ್ತದೆ. ಅದರಲ್ಲಿ ಕಂಪನಿಯ ಮುದ್ರೆ ಇರಲ್ಲ. ನಿಮ್ಮ ಹೆಸರು, ಅಪ್ಪನ ಹೆಸರು, ಮನೆ ವಿಳಾಸ ಇರುತ್ತದೆ. ಅದೇ ವೈಯಕ್ತಿಕ ಜಾಮೀನು. ಅಷ್ಟು ಹೊತ್ತಿಗೆ ಕೈ ಸೋತಿರುತ್ತದೆ, ಚಹಾ ಬಂದಿರುತ್ತದೆ, ಯಾರೂ ಓದಲ್ಲ.

ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಮೊದಲು ಕಂಪನಿಯನ್ನು ಕೇಳಿ, ಆಮೇಲೆ ನಮ್ಮ ಹತ್ತಿರ ಬನ್ನಿ ಅನ್ನೋ ಹಾಗಿಲ್ಲ. ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿ ಇತ್ಯರ್ಥವಾದರೂ ಡೈರೆಕ್ಟರ್ ಕೊಟ್ಟ ಜಾಮೀನು ತಾನಾಗಿ ಅಳಿಯಲ್ಲ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಸಾಲೊಮನ್ ಕಟ್ಟಿದ ಗೋಡೆಯಲ್ಲಿ ನೀವೇ ಕೈಯಾರೆ ಬಾಗಿಲು ಇಟ್ಟ ಹಾಗಾಯಿತು.

ಜಾಮೀನೇ ಬೇಡ ಅಂದರೆ ಸಣ್ಣ ಕಂಪನಿಗೆ ಸಾಲ ಸಿಗೋದು ಕಷ್ಟ, ಅದೂ ನಿಜ. ನಾನು ಹೇಳೋದು ಇಷ್ಟು. ಜಾಮೀನಿಗೆ ಮೊತ್ತದ ಮಿತಿ ಬರೆಸೋಕೆ ಕೇಳಿ. ಹೆಂಡತಿ, ತಮ್ಮ, ಮಾವ ಎಲ್ಲರನ್ನೂ ಸಾಲಾಗಿ ನಿಲ್ಲಿಸಬೇಡಿ. ಸಣ್ಣ ಉದ್ದಿಮೆಗಳಿಗೆ ಇರೋ ಸರ್ಕಾರದ ಸಾಲ ಖಾತರಿ ಯೋಜನೆಯಲ್ಲಿ ಅಡಮಾನ ಇಲ್ಲದೆ ಕೊಡೋಕೆ ಆಗುತ್ತದಾ ಅಂತ ವಿಚಾರಿಸಿ. ಆದರೆ ಆ ಖಾತರಿ ಬ್ಯಾಂಕಿಗೆ ಕೊಟ್ಟದ್ದು, ನಿಮಗಲ್ಲ. ಸಾಲ ಮಾತ್ರ ನೀವು ತೀರಿಸಲೇಬೇಕು.

ಹೊಲದ ಬಗ್ಗೆ ಒಂದು ಮಾತು. ಕೋರ್ಟಿಗೆ ಹೋಗದೆ ಬ್ಯಾಂಕೇ ಆಸ್ತಿ ಹಿಡಿಯೋ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸಲ್ಲ. ಹಾಗಂತ ಹೊಲ ಕ್ಷೇಮ ಅಂತಲ್ಲ. ಕೋರ್ಟಿನ ದಾರಿ ಇದ್ದೇ ಇದೆ. ಉತಾರದಲ್ಲಿ ಬೋಜಾ, ಅಂದರೆ ಸಾಲದ ನಮೂದು, ಕೂತರೆ ಮಾರೋಕೂ ಆಗಲ್ಲ, ಬೇರೆ ಸಾಲವೂ ಸಿಗಲ್ಲ.

ಚೆಕ್ ಬೌನ್ಸ್ ಆದರೆ ಜೈಲಿಗೆ ಯಾರು ಹೋಗುತ್ತಾರೆ?

ಇಲ್ಲಿ ಲಿಮಿಟೆಡ್ ಅನ್ನೋ ಪದ ಅಷ್ಟಾಗಿ ಕಾಯಲ್ಲ. ಪ್ರೊಪ್ರೈಟರ್ ಆದರೆ ನೀವೇ. ಫರ್ಮು, ಕಂಪನಿ ಆದರೆ ಅದರ ಜೊತೆಗೆ ಆ ಸಮಯದಲ್ಲಿ ವ್ಯವಹಾರ ನೋಡಿಕೊಳ್ಳುತ್ತಿದ್ದವರು, ಮುಖ್ಯವಾಗಿ ಸಹಿ ಹಾಕಿದವರು. ಶಿಕ್ಷೆ 2 ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ನೋಟಿಸು ಕೈಗೆ ಬಂದ ಮೇಲೆ ಹಣ ಕೊಡೋಕೆ 15 ದಿನ ಇರುತ್ತದೆ. ಆ 15 ದಿನದಲ್ಲಿ ಸಿಟ್ಟು ಮಾಡಿಕೊಂಡು ಕೂರಬೇಡಿ. ಖಾಲಿ ಚೆಕ್ಕಿಗೆ ಸಹಿ ಹಾಕಿ ಗುಮಾಸ್ತನ ಕೈಗೆ ಕೊಟ್ಟು ಊರಿಗೆ ಹೋಗೋ ಚಟ ಇದ್ದರೆ ಇವತ್ತೇ ಬಿಡಿ.

ತೆರಿಗೆ ಬಾಕಿ?

ಫರ್ಮಿನ ಜಿಎಸ್‌ಟಿ ಬಾಕಿಗೆ ಎಲ್ಲ ಪಾಲುದಾರರೂ ಹೊಣೆ. ಪ್ರೈವೇಟ್ ಕಂಪನಿಯಿಂದ ವಸೂಲಾಗದಿದ್ದರೆ ಆ ಅವಧಿಯ ಡೈರೆಕ್ಟರುಗಳನ್ನು ಕೇಳುತ್ತಾರೆ. ತಮ್ಮ ಕಡೆಯಿಂದ ದೊಡ್ಡ ಅಲಕ್ಷ್ಯ ಆಗಿಲ್ಲ ಅಂತ ಅವರೇ ತೋರಿಸಬೇಕು. ಆದಾಯ ತೆರಿಗೆಯಲ್ಲೂ ಇಂಥದ್ದೇ ನಿಯಮ ಇದೆ.

ನಮ್ಮ ಟೆಂಪೋ ಯಾರಿಗಾದರೂ ಗುದ್ದಿದರೆ? ಕೆಲಸಗಾರನಿಗೆ ಪೆಟ್ಟಾದರೆ?

ಟೆಂಪೋ ಆರ್‌ಸಿ ಯಾರ ಹೆಸರಲ್ಲಿದೆ? ಪರಿಹಾರ ಕೇಳೋದು ಅವರನ್ನೇ. ಎಷ್ಟೋ ಕಂಪನಿಗಳ ಗಾಡಿ ಮಾಲೀಕರ ಸ್ವಂತ ಹೆಸರಲ್ಲೇ ಓಡುತ್ತಿರುತ್ತದೆ. ಮಾರಿದ ಗಾಡಿಯ ಆರ್‌ಸಿ ಬದಲಾಗದಿದ್ದರೂ ಹೊಣೆ ಹಳಬರದೇ. ಥರ್ಡ್ ಪಾರ್ಟಿ ವಿಮೆ ಒಂದು ದಿನವೂ ತಪ್ಪಬಾರದು.

ಕೆಲಸದ ವೇಳೆ ಆದ ಗಾಯಕ್ಕೆ ಮಾಲೀಕ ಪರಿಹಾರ ಕೊಡಬೇಕು. ಫೌಂಡ್ರಿ, ಗಾಣ, ಆಲೆಮನೆ ನಡೆಸೋರು ಮೊದಲು ಕಾರ್ಮಿಕರ ವಿಮೆ ಮಾಡಿಸಿ. ಕಂಪನಿ ಮಾಡೋದು ಆಮೇಲಿನ ಮಾತು. ನಿಮ್ಮದೇ ನಿರ್ಲಕ್ಷ್ಯ ಇದ್ದರೆ ಕಂಪನಿ ನಿಮ್ಮನ್ನು ಅಡಗಿಸಲ್ಲ.

ಪಾಲುದಾರ ಯಾರೂ ಬೇಡ. ಒಬ್ಬನೇ ಕಂಪನಿ ಮಾಡಬಹುದಾ?

ಮಾಡಬಹುದು. ಏಕವ್ಯಕ್ತಿ ಕಂಪನಿ ಅಂತ 2013ರ ಕಂಪನಿ ಕಾಯ್ದೆಯಲ್ಲಿ ಬಂತು. ನಿಮ್ಮ ನಂತರ ಯಾರು ಅಂತ ಒಬ್ಬ ನಾಮಿನಿಯನ್ನು ಒಪ್ಪಿಸಿ ಹೆಸರಿಸಬೇಕು. ಒಬ್ಬರಿಗೆ ಇಂಥದ್ದು ಒಂದೇ. ಮೊದಲು ವಹಿವಾಟು 2 ಕೋಟಿ ದಾಟಿದರೆ ಪ್ರೈವೇಟ್ ಲಿಮಿಟೆಡ್ ಆಗಲೇಬೇಕಿತ್ತು. 2021ರ ಏಪ್ರಿಲ್‌ನಿಂದ ಆ ಕಟ್ಟು ಇಲ್ಲ. ಒಂದು ಎಚ್ಚರಿಕೆ. ಒಬ್ಬರೇ ಇರೋದರಿಂದ ಕಂಪನಿ ದುಡ್ಡಲ್ಲಿ ಮನೆಯ ಕಿರಾಣಿ, ಮಗಳ ಫೀಸು ಕಟ್ಟೋದು ಸಲೀಸು. ಎರಡೂ ಜೇಬು ಒಂದೇ ಮಾಡಿಕೊಂಡವರಿಗೆ ಕೋರ್ಟಿನಲ್ಲಿ "ಕಂಪನಿ ಬೇರೆ, ನಾನು ಬೇರೆ" ಅನ್ನೋದು ಬಾಯಿಂದ ಬರಲ್ಲ.

ಯಾವುದರಲ್ಲಿ ಟ್ಯಾಕ್ಸ್ ಕಡಿಮೆ?

ಸಣ್ಣ ಲಾಭಕ್ಕೆ ಪ್ರೊಪ್ರೈಟರ್. 2025-26ರ ಸಾಲಿನಲ್ಲಿ ಹೊಸ ಪದ್ಧತಿಯಲ್ಲಿ ವ್ಯಾಪಾರದ ಆದಾಯ 12 ಲಕ್ಷದವರೆಗೆ ತೆರಿಗೆ ಇಲ್ಲ. ಫರ್ಮು, ಎಲ್‌ಎಲ್‌ಪಿಗೆ ಮೊದಲ ರೂಪಾಯಿಯಿಂದಲೇ ಶೇ 30, ಮೇಲೆ ಸೆಸ್. ಪಾಲುದಾರರಿಗೆ ಕೊಟ್ಟ ಸಂಬಳ, ಬಡ್ಡಿಯನ್ನು ಮಿತಿಯೊಳಗೆ ಕಳೆಯಬಹುದು. ಕಂಪನಿಗೆ ಶೇ 22ರ ಆಯ್ಕೆ ಇದೆ, ಸರ್ಚಾರ್ಜ್, ಸೆಸ್ ಸೇರಿ ಶೇ 25.17. ಆದರೆ ಕಂಪನಿಯಿಂದ ಲಾಭಾಂಶ ತಗೊಂಡರೆ ನಿಮ್ಮ ಕೈಯಲ್ಲಿ ಮತ್ತೆ ತೆರಿಗೆ. ಲೆಕ್ಕಪುಸ್ತಕ ಪೂರ್ತಿ ಇಡದೆ ಅಂದಾಜು ಲಾಭ ತೋರಿಸೋ ಸೌಲಭ್ಯ ಪ್ರೊಪ್ರೈಟರಿಗೂ ಪಾಲುದಾರಿಕೆಗೂ ಇದೆ, ಎಲ್‌ಎಲ್‌ಪಿಗೂ ಕಂಪನಿಗೂ ಇಲ್ಲ. ಅದೊಂದು ಕಾರಣಕ್ಕೇ ಬಹಳ ಜನ ಹಳೇ ಪಾಲುದಾರಿಕೆಯಲ್ಲೇ ಉಳಿದಿದ್ದಾರೆ.

ನಿಪ್ಪಾಣಿಯಿಂದ ಮಹಾರಾಷ್ಟ್ರದ ಕಾಗಲ್‌ಗೆ ಮಾಲು ಕಳಿಸುತ್ತೇವೆ. ಜಿಎಸ್‌ಟಿ ನೋಂದಣಿಯ 40 ಲಕ್ಷದ ಮಿತಿ ನಮಗೂ ಇದೆಯಾ?

ಇದು ಗಡಿ ಊರಿನವರ ಪ್ರಶ್ನೆ. 40 ಲಕ್ಷದ ಮಿತಿ ರಾಜ್ಯದೊಳಗೆ ಸರಕು ಮಾರೋರಿಗೆ. ತೆರಿಗೆ ಇರೋ ಸರಕನ್ನು ರಾಜ್ಯದ ಗಡಿ ದಾಟಿಸಿ ಮಾರಿದರೆ ಮೊದಲ ಬಿಲ್ಲಿಗೇ ಜಿಎಸ್‌ಟಿ ನೋಂದಣಿ ಬೇಕು. ಕೆಲವು ಕರಕುಶಲ ವಸ್ತುಗಳಿಗೆ ಮಾತ್ರ ವಿನಾಯಿತಿ ಇದೆ. ತಾಸಿನ ದಾರಿಯೂ ಇಲ್ಲದ ಊರು ಕಾನೂನಿಗೆ ಪರರಾಜ್ಯ.

ನಾವು ರೈತರು, ಹತ್ತಾರು ಜನ ಸೇರಿ ದ್ರಾಕ್ಷಿ, ನಿಂಬೆ ಮಾರಬೇಕು. ಸೊಸೈಟಿಯಾ, ಕಂಪನಿಯಾ?

ಉತ್ಪಾದಕರ ಕಂಪನಿ ಅಂತ ಒಂದು ನಮೂನೆ ಇದೆ. 10 ಜನ ಉತ್ಪಾದಕರು, 5 ಡೈರೆಕ್ಟರುಗಳು ಇದ್ದರೆ ಆಗುತ್ತದೆ. ಷೇರು ಎಷ್ಟೇ ಇರಲಿ, ಒಬ್ಬ ರೈತನಿಗೆ ಒಂದೇ ಮತ. ಹೊಣೆ ಷೇರಿನ ಮಟ್ಟಿಗೆ. ಸಹಕಾರಿ ಸಂಘಕ್ಕೆ 1959ರ ಕಾಯ್ದೆ, ಸೌಹಾರ್ದಕ್ಕೆ 1997ರ ಕಾಯ್ದೆ. ನಮ್ಮ ಕಡೆ ಸೊಸೈಟಿಯ ರೂಢಿ ಜಾಸ್ತಿ, ಚುನಾವಣೆಯ ಜಗಳವೂ ಜಾಸ್ತಿ. ಮಾಲು ಕೊಳ್ಳೋದು, ಶೀತಲಗೃಹದಲ್ಲಿ ಇಡೋದು, ಮಾರೋದು ಇಷ್ಟೇ ಉದ್ದೇಶ ಆದರೆ ಇಂಡಿ, ತಿಕೋಟಾ ಕಡೆಯವರಿಗೆ ನಾನು ಉತ್ಪಾದಕರ ಕಂಪನಿಯನ್ನೇ ಹೇಳುತ್ತೇನೆ. ಲೆಕ್ಕ ಬರೆಯೋಕೆ ಒಬ್ಬರಿಗೆ ಸಂಬಳ ಕೊಡೋ ತಾಕತ್ತು ಮಾತ್ರ ಇರಬೇಕು.

ಈಗಿನ ಪಾಲುದಾರಿಕೆಯನ್ನು ಎಲ್‌ಎಲ್‌ಪಿ ಮಾಡಿಬಿಟ್ಟರೆ ಹಳೇ ಸಾಲದಿಂದ ಬಿಡುಗಡೆನಾ?

ಇಲ್ಲ. ಬದಲಾಗೋ ಮುಂಚಿನ ಸಾಲಕ್ಕೆ ಪಾಲುದಾರರು ಸ್ವಂತವಾಗಿ ಹೊಣೆಯೇ. ಪ್ರೊಪ್ರೈಟರ್ ಕಂಪನಿ ಮಾಡಿದರೂ ಹಾಗೇ. ನೋಟಿಸು ಬಂದ ಮೇಲೆ ನಮೂನೆ ಬದಲಿಸೋಕೆ ಓಡಿ ಬರೋರಿದ್ದಾರೆ, ಆ ಖರ್ಚು ದಂಡ.

ನೀವಾದರೆ ಯಾವುದು ಮಾಡುತ್ತಿದ್ದಿರಿ?

ರೊಟ್ಟಿ, ಚಟ್ನಿಪುಡಿ, ಹೊಲಿಗೆ, ಉದ್ರಿ ಇಲ್ಲದ ನಗದು ವ್ಯಾಪಾರ ಆದರೆ ಪ್ರೊಪ್ರೈಟರ್, ಕಣ್ಣು ಮುಚ್ಚಿ. ಕಂಪನಿ ಮಾಡಿ ವರ್ಷಕ್ಕೆ ಆಡಿಟ್ ಫೀಸು ಕಟ್ಟೋದಕ್ಕಿಂತ ಒಂದು ವಿಮೆ ಮಾಡಿಸಿ. ಹೊರಗಿನವರ ಜೊತೆ ಪಾಲು, ಉದ್ರಿಯಲ್ಲಿ ಮಾಲು, ಅಂದರೆ ಎಲ್‌ಎಲ್‌ಪಿ. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಕೊಡೋರು, ಹೊರಗಿನ ಬಂಡವಾಳ ತರೋರು ಆದರೆ ಪ್ರೈವೇಟ್ ಲಿಮಿಟೆಡ್. ಸಾದಾ ಪಾಲುದಾರಿಕೆಯನ್ನು ನಾನು ಗಂಡ ಹೆಂಡತಿಗೂ, ಅಪ್ಪ ಮಗನಿಗೂ ಬಿಟ್ಟು ಬೇರೆಯವರಿಗೆ ಹೇಳಲ್ಲ. ಬನಹಟ್ಟಿಯ ಆ ತಿಜೋರಿ ಇನ್ನೂ ಕಣ್ಣ ಮುಂದಿದೆ, ಇದು ಅದರ ಪ್ರಭಾವ ಅಂದರೂ ಒಪ್ಪಿಕೊಳ್ಳುತ್ತೇನೆ.

ವ್ಯಾಪಾರ ನಿಲ್ಲಿಸಿದ್ದೇವೆ. ಷಟರ್ ಎಳೆದರೆ ಮುಗೀತಲ್ವಾ?

ಷಟರ್ ಎಳೆದರೂ ಫಾರ್ಮು ಓಡುತ್ತಾ ಇರುತ್ತವೆ. ಜಿಎಸ್‌ಟಿ ರದ್ದು ಮಾಡಿಸಿ, 3 ತಿಂಗಳೊಳಗೆ ಕೊನೆಯ ರಿಟರ್ನ್ ಹಾಕಿ. ಕಂಪನಿಯಾದರೆ ಹೆಸರು ತೆಗೆಸೋ ಅರ್ಜಿಗೆ 10,000 ರೂಪಾಯಿ ಶುಲ್ಕ. ಜೊತೆಗೆ ಡೈರೆಕ್ಟರುಗಳು ಅಫಿಡವಿಟ್ ಮತ್ತು ನಷ್ಟಭರ್ತಿ ಬಾಂಡ್ ಬರೆದುಕೊಡಬೇಕು. ಆ ಬಾಂಡನ್ನು ನಿಧಾನವಾಗಿ ಓದಿ. ಮುಂದೆ ಯಾರಾದರೂ ಬಾಕಿ ಕೇಳಿಕೊಂಡು ಬಂದರೆ ನಾವು ಕೊಡುತ್ತೇವೆ ಅಂತ ಅದರಲ್ಲಿ ಬರೆದಿರುತ್ತದೆ. ಕಂಪನಿಯ ಹೆಸರಲ್ಲಿ ಅಲ್ಲ, ನಿಮ್ಮ ಹೆಸರಲ್ಲಿ.